ಮೇಸ್ತ್ರಿ ಲಾಗಿನ್

ನಗೋರು ಈಗಲೇ ಎದ್ದು ಹೋಗಿ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು.

ರಾತ್ರಿ ಹನ್ನೊಂದೂವರೆ. ಕೆಲಸ ಮುಗಿಸಿ, ಆಸ್ಪತ್ರೆ ಕಟ್ತಿದ್ದ ಸೈಟಿನ ತಂತಿ ಬೇಲಿ ಪಕ್ಕದಲ್ಲಿ ಮನೆಗೆ ನಡೀತಿದ್ದ. ಒಳಗೆ ಹಳೇ ಬಾವಿ ಇದ್ದ ಕಡೆಯಿಂದ ಸದ್ದು. ಟಪ್... ಟಪ್... ಆಮೇಲೆ, ಢಂ. ಹಾರೆಯಿಂದ ನೆಲ ಕುಟ್ಟಿದ ಹಾಗೆ. ಕೊನೇದು ಟೊಳ್ಳು ಸದ್ದು. ನೋಡಿದರೆ ಅಲ್ಲಿ ಯಾರೂ ಇಲ್ಲ.

ಕಿವಿ ಪಕ್ಕದಲ್ಲೇ ಪಿಸುಮಾತು. "ಸಾರ್... ನಾನು ಒತ್ತಿರಲಿಲ್ವಲ್ಲ."

ಅದು ಮಣ್ಣಿನ ಕೆಲಸದ ಮೇಸ್ತ್ರಿ ದನಿ. ಅವರು ಜ್ವರ ಬಂದು ತೀರಿಕೊಂಡು ತಿಂಗಳಾಗಿತ್ತು!

ವಿಷಯ ಏನಂದ್ರೆ, ಆ ಆಸ್ಪತ್ರೆ ಕಟ್ಟಡದ ಲೆಕ್ಕಾಚಾರವೆಲ್ಲ ಒಂದು ಸಿಸ್ಟಂನಲ್ಲಿ. ಮುಗಿದ ಕೆಲಸ ಹಸಿರು, ಬಾಕಿ ಕೆಂಪು. ಹಸಿರಾದ ತಕ್ಷಣ ಮುಂದಿನವರಿಗೆ ತಾನಾಗೇ ಅಪ್ಪಣೆ ಹೋಗುತ್ತೆ. ಅದನ್ನು ನೋಡಿಕೊಳ್ಳೋನು ಇವನು. ಆವತ್ತು ಸಂಜೆ ಬಾವಿ ಮುಚ್ಚೋ ಕೆಲಸ ಒಂದೇ ಕೆಂಪು. "ಇವತ್ತು ಹಸಿರಾಗದಿದ್ರೆ ನಾಳೆಯಿಂದ ಬರಬೇಡ" ಅಂದಿದ್ದ ಮ್ಯಾನೇಜರ್. ಮೇಲೆ ಮಣ್ಣು ಸಮವಾಗೇ ಕಾಣ್ತಿತ್ತು. ಹಾರೆ ಕುಟ್ಟಿ, ಕಿವಿಗೊಟ್ಟು ಕೇಳದೆ ಮೇಸ್ತ್ರಿ ಯಾವತ್ತೂ ಒತ್ತಿದವರಲ್ಲ. ಇವನು, ಹಿಂದೆ ಮೇಸ್ತ್ರಿಗೆ ತಾನೇ ಹಾಕಿಕೊಟ್ಟಿದ್ದ ಪಾಸ್‌ವರ್ಡ್‌ನಿಂದ, ಸತ್ತವರ ಹೆಸರಲ್ಲಿ 'ಮುಗಿದಿದೆ' ಅಂತ ಒತ್ತಿಬಿಟ್ಟಿದ್ದ.

ಅಷ್ಟರಲ್ಲಿ, ಆ ಹಸಿರಿನಿಂದ ಹೋದ ಅಪ್ಪಣೆ ಮೇಲೆ, ಆಚೆ ಗೇಟಿಂದ ಕ್ರೇನ್ ಹೊರಟಿತು. ಘರ್ರ್... ನೇರ ಬಾವಿ ಕಡೆಗೇ. ಓಡಿಸ್ತಿದ್ದವರು ಇವನ ಸ್ವಂತ ಅಕ್ಕನ ಗಂಡ.

"ಬಾವಾ! ನಿಲ್ಸಿ ಬಾವಾ!"

ಆ ಇಂಜಿನ್ ಸದ್ದಲ್ಲಿ ಯಾರಿಗೆ ಕೇಳುತ್ತೆ? ಫೋನ್ ಮಾಡಿದ. ಕೆಲಸದ ಹೊತ್ತಲ್ಲಿ ಬಾವನ ಫೋನ್ ಆಫ್. ಬೇಲಿ ಹತ್ತೋಕೆ ಹೋಗಿ ಅಂಗಿ ಹರಿದುಕೊಂಡು ಬಿದ್ದ. ಕ್ರೇನ್ ಕ್ಯಾಬಿನ್ ಒಳಗಿನ ಸಿಸ್ಟಂ ಪರದೆ ಕೆಂಪಾದ್ರೆ ಮಾತ್ರ ಬಾವ ನಿಲ್ಲೋದು.

ಮೊಬೈಲಲ್ಲೇ ಸಿಸ್ಟಂ ತೆರೆದ. ಹಸಿರು ಒತ್ತಿದ ಹೆಸರಿಂದಲೇ ಅದನ್ನು ವಾಪಸ್ ಕೆಂಪು ಮಾಡೋಕಾಗೋದು. ಮೇಸ್ತ್ರಿ ಹೆಸರು, ಪಾಸ್‌ವರ್ಡ್... ತಪ್ಪು. ಮತ್ತೆ... ತಪ್ಪು. ಅಯ್ಯೋ, ಸಂಜೆ ಇದೇ ಪಾಸ್‌ವರ್ಡ್ ಆಗಿತ್ತಲ್ಲ! ಮೂರನೇ ಸಲಕ್ಕೆ ಲಾಕ್.

ಮಣ್ಣಲ್ಲಿ ಮಂಡಿಯೂರಿ ಗೊಳೋ ಅಂತ ಅತ್ತ. "ನಿಮ್ಮ ಕಾಲಿಗೆ ಬೀಳ್ತೀನಿ ಮೇಸ್ತ್ರಿ. ತಪ್ಪು ನಂದು. ಅಕ್ಕನ ಕೂಸಿಗೆ ಇನ್ನೂ ಮೂರು ತಿಂಗಳು..."

ಢಂ.

ಕೈಯಲ್ಲಿದ್ದ ಮೊಬೈಲ್ ಪರದೆಯಲ್ಲಿ ಬಾವಿ ಕೆಲಸ ತಾನಾಗೇ ಕೆಂಪಾಯಿತು. ಕಿರ್ರ್ ಅಂತ ಕ್ರೇನ್ ನಿಂತಿತು. ಒಂದು ಉಸಿರಿನಷ್ಟು ಹೊತ್ತು... ಏನೂ ಇಲ್ಲ. ಆಮೇಲೆ ಚಕ್ರದಿಂದ ಎರಡೇ ಮಾರು ಮುಂದೆ, ನೆಲ ದಡದಡ ಅಂತ ಕುಸಿದು ಒಳಗೆ ಹೋಯಿತು.

ಬೆಳಿಗ್ಗೆ ಎಲ್ಲಾ ಒಪ್ಪಿಕೊಂಡ. ಮೇಸ್ತ್ರಿ ಲಾಗಿನ್ನನ್ನು ಅವತ್ತೇ ತೆಗೆದುಹಾಕಿದರು. ಬಾವಿ ಸರಿಯಾಗಿ ತುಂಬಿಸೋಕೆ ಆರು ದಿನ ಹಿಡಿಯಿತು. ಇವನು ಪಕ್ಕ ಬಿಟ್ಟು ಕದಲಲಿಲ್ಲ.

ಆರನೇ ಸಂಜೆ ಒತ್ತೋಕೆ ಹೋದರೆ ಆಗಲೇ ಹಸಿರಾಗಿತ್ತು. ಒತ್ತಿದವರ ಹೆಸರು, ಮೇಸ್ತ್ರಿ. ಕೆಳಗೆ ಒಂದು ಸಾಲು: 'ಕುಟ್ಟಿ ನೋಡಿದೆ. ಗಟ್ಟಿ ಇದೆ.'

ಸುಳ್ಳು ಅನ್ನೋರು ಬಾವನ್ನೇ ಕೇಳಿ. ಆ ಸಾಲನ್ನು ಅವರೂ ಪಕ್ಕದಲ್ಲೇ ನಿಂತು ಓದಿದ್ದಾರೆ.