ಮನೆಯಲ್ಲೇ ಉಳಿದ ಅಕ್ಷರ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಬಡವನ ಕಥೆ ಎಂದರೆ ನೀವು ಕೂರುವುದಿಲ್ಲ, ಅದಕ್ಕೇ ಶ್ರೀಮಂತ. ಆಸ್ತಿ ಹೊರಗೆ ಹೋಗಬಾರದು ಎಂದು ಹಿರಿಯ ಮಗನಿಗೆ ತನ್ನ ಮಗಳ ಮಗಳನ್ನೇ ತಂದುಕೊಂಡ. ಸೋದರಮಾವನಿಗೆ ಅಕ್ಕನ ಮಗಳು. ನೋಡಿ, ನಮ್ಮಲ್ಲಿ ಹೊಸದೇನಲ್ಲ. ಜಾತಕ ಚೆನ್ನಾಗಿ ಕೂಡಿತು. ಊಟವೂ ಚೆನ್ನಾಗಿತ್ತು.

ಮಗು ಹುಟ್ಟಿತು. ವರ್ಷ ತುಂಬುವ ಮೊದಲೇ ಬಿಳಿಚಿಕೊಂಡಿತು; ಹಾಲು ಕುಡಿಯುವುದಕ್ಕೂ ಸುಸ್ತು. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು, ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋದರು.

ಆಕೆ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಮೈಯ ಕಣದೊಳಗೆ ಒಂದು ಮೂಲ ಬರಹ ಇದೆ. ಅದು ಒಳಮನೆ ಬಿಟ್ಟು ಬರುವುದಿಲ್ಲ. ಅದರ ನಕಲು ಹೊರಗೆ ಬರುತ್ತದೆ, ಹೆಸರು ಆರ್‌ಎನ್‌ಎ. ಹೊರಗೆ ಒಬ್ಬ ಓದುಗ ಕೂತಿದ್ದಾನೆ. ಮೂರಕ್ಷರ ಓದುತ್ತಾನೆ, ಅದಕ್ಕೆ ಗೊತ್ತಾದ ಒಂದು ಮಣಿ ಪೋಣಿಸುತ್ತಾನೆ. ಮತ್ತೆ ಮೂರು, ಮತ್ತೊಂದು ಮಣಿ. 'ನಿಲ್ಲಿಸು' ಎಂಬ ಮೂರಕ್ಷರ ಬಂದಾಗ ನಿಲ್ಲಿಸುತ್ತಾನೆ. ಆ ಸರವೇ ಪ್ರೋಟೀನು. ರಕ್ತವನ್ನು ಕೆಂಪಗಿಡುವುದೂ ಅಂಥ ಸರವೇ. ಈ ಮಗುವಿನ ಬರಹದಲ್ಲಿ ಒಂದಕ್ಷರ ಬೇರೆಯಾಗಿ, 'ನಿಲ್ಲಿಸು' ನಡುವೆಯೇ ಬಂದಿತ್ತು. ಓದುಗ ಅಲ್ಲೇ ನಿಲ್ಲಿಸುತ್ತಿದ್ದ.

ಸ್ವಲ್ಪ ಮುಂದಕ್ಕೆ ಓದು ಎಂದು ಅವನಿಗೆ ಹೇಳಿಸಲು ಆಗುವುದಿಲ್ಲವೇ ಎಂದು ಶ್ರೀಮಂತ ಕೇಳಿದ.

"ಅವನಿಗೆ ನಿಮ್ಮ ಪರಿಚಯ ಇಲ್ಲ, ಯಜಮಾನ್ರೇ," ಎಂದರು ಡಾಕ್ಟರಮ್ಮ.

ಬರಹ ತಂದೆಯಿಂದ ಒಂದು ಬರುತ್ತದೆ, ತಾಯಿಯಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಇಲ್ಲಿ ಎರಡೂ ಕೆಟ್ಟಿದ್ದವು, ಏಕೆಂದರೆ ಎರಡೂ ಬಂದದ್ದು ಈ ಯಜಮಾನನಿಂದಲೇ, ಒಂದು ಮಗನ ಕಡೆಯಿಂದ, ಇನ್ನೊಂದು ಮಗಳ ಕಡೆಯಿಂದ. ಆಸ್ತಿ ಮನೆಯಲ್ಲೇ ಉಳಿಯಿತು. ಅಕ್ಷರವೂ ಮನೆಯಲ್ಲೇ ಉಳಿಯಿತು. ಮಗು ತಿಂಗಳು ತಿಂಗಳೂ ಯಾರದೋ ರಕ್ತ ಹಾಕಿಸಿಕೊಂಡು ಬದುಕಬೇಕಾಯಿತು.

ಬುದ್ಧಿ ಬಂತೇ? ಎಲ್ಲಿ ಬರುತ್ತೆ! ಕಿರಿಯ ಮಗನಿಗೆ ಅದೇ ಸೊಸೆಯ ತಂಗಿಯನ್ನು ಗೊತ್ತುಮಾಡಿದ. ತಾಂಬೂಲ ಬದಲಾಯಿಸುವ ಹೊತ್ತಿಗೆ ಸೊಸೆ ಮಗುವನ್ನೆತ್ತಿಕೊಂಡು ನಡುವೆ ಬಂದು ಕೂತಳು.

"ಇವರಿಬ್ರ ರಕ್ತ ಪರೀಕ್ಷೆ ಆಗ್ಲಿ ತಾತ. ಆಮೇಲೆ ತಾಂಬೂಲ."

ಜನ ಏನಂದಾರು ಎಂದು ಅವನು ಗದರಿದ.

"ಇವನಿಗೆ ರಕ್ತ ಕೊಡ್ತಿರೋರೂ ಜನಾನೇ ತಾತ."

ಪರೀಕ್ಷೆ ಆಯಿತು. ಇಬ್ಬರಲ್ಲೂ ಅದೇ ಅಕ್ಷರ. ಮದುವೆ ನಿಂತಿತು, ಇದು ಮಾತ್ರ ನಿಲ್ಲಬೇಕಾದ ಕಡೆಯೇ ನಿಂತಿತು. ಇಬ್ಬರಿಗೂ ಬೇರೆ ಕಡೆ ಸಂಬಂಧ ನೋಡಿ, ಬರುವವರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಒಂದಿಷ್ಟು ಹೊಲ ಹೊರಗೆ ಹೋಯಿತು. ಅವರ ಮಕ್ಕಳು ಗುಂಡಗಿದ್ದಾವೆ.

ಈಗ ನೀವು. ತಲೆ ಆಡಿಸಿದ್ದು ಸಾಕು. ಜಾತಕ ತೋರಿಸುವ ಮೊದಲು ರಕ್ತ ತೋರಿಸಿ. ಒಳಗೊಳಗೇ ಕೊಟ್ಟು ತರುವವರಂತೂ ತಪ್ಪಿಸಲೇಬೇಡಿ. ಇನ್ನೊಂದು ಮಾತು. ಹೊರಗೆ ಪ್ರಸಾದದ ಸಾಲಿಗೆ ಆಗಲೇ ಟವೆಲ್ ಹಾಕಿ ಬಂದಿದ್ದೀರಿ, ನೋಡಿದೆ. ಪಕ್ಕದಲ್ಲೇ ರಕ್ತದಾನದ ಸಾಲಿದೆ. ಅಲ್ಲಿ ಒಬ್ಬರೇ ಮುದುಕರು ನಿಂತಿದ್ದಾರೆ. 'ನಿಮಗೆ ವಯಸ್ಸಾಯಿತು, ತಗೊಳ್ಳೋ ಹಾಗಿಲ್ಲ' ಎಂದು ರಕ್ತ ತಗೊಳ್ಳುವವರು ಕಳಿಸಿದರೂ ಮತ್ತೆ ಬಂದು ನಿಲ್ಲುತ್ತಾರೆ. ಒಂದೂರು ಎಂದೆನಲ್ಲ, ಅದು ಇದೇ ಊರು. ಅವರ ಜಾಗಕ್ಕೆ ಯಾರಾದರೂ ಹೋಗಿ ನಿಲ್ಲಿ. ಅವರು ಮನೆಗೆ ಹೋಗಿ ಮಗುವನ್ನು ನೋಡಿಕೊಳ್ಳಲಿ.