ತಪಾಸಣೆಗಷ್ಟೇ ತೆರೆಯುವ ಬೀಗ

ಸಂಜೆ ಮದ್ದೂರು ಬಸ್ ನಿಲ್ದಾಣದಲ್ಲಿ ವಿದ್ಯಾರ್ಥಿನಿ ತನ್ಮಯಿಯ ಮುಂದೆಯೇ ಅವಳ ಕಾಲೇಜಿನ ಗುಮಾಸ್ತ ಶ್ರೀಕರ, ಆಯಾ ಜೈನಾಬ್ ಬೀ ನಿಂತಿದ್ದರು.

"ಎಣ್ಮಕ್ಳ ಒಸ ಟಾಯ್ಲೆಟ್ ಬೀಗ ಯಾವಾಗ ತಗೀತೀರಾ ಸಾರ್?"

"ಅನುದಾನ ಕೊಡೋ ತಂಡ ಬಂದು ನೋಡ್ಕೊಂಡು ಹೋಗ್ಲಿ ಕಣಮ್ಮ. ಈಗ್ಲೇ ಬಿಟ್ರೆ ಗಲೀಜು ಮಾಡಿಬಿಡ್ತವೆ."

"ಓದ ವರ್ಸಾನೂ ಇಂಗೇ ಅಂದ್ರಿ. ಅವ್ರು ಬಂದು, ಫೋಟೋ ಇಡ್ಕಂಡು ಓದ್ರು. ನೀವು ತಿರ್ಗಾ ಬೀಗ ಜಡುದ್ರಿ."

"ಇಷ್ಟು ಚೊಕ್ಕಟವಾಗಿರೋದನ್ನ ಎಲ್ಲೂ ನೋಡಿಲ್ಲ ಅಂತ ಬರೆದ್ರಲ್ಲ! ಅದಕ್ಕೇ ಈ ಸಲ ಐದು ವರ್ಷದ ಯೋಜನೇಲಿ ಇನ್ನೊಂದು ಟಾಯ್ಲೆಟ್ ಕೇಳಿದೀವಿ."

"ಅಂಗೇ ಇನ್ನೊಂದು ಬೀಗಾನೂ ಕೇಳ್ಕಳಿ. ಥೂ!"

ಮಳವಳ್ಳಿ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.

ಬೆಳಗ್ಗೆ ಮನೆಯಲ್ಲಿ ತುಂಬಿಸಿಕೊಂಡ, ಇನ್ನೂ ತುಂಬಿಯೇ ಇದ್ದ ನೀರಿನ ಬಾಟಲಿಯನ್ನು ತನ್ಮಯಿ ಹೊರತೆಗೆದು, ಒಂದು ಗುಟುಕೂ ಕುಡಿಯದೆ ಮತ್ತೆ ಚೀಲಕ್ಕೆ ತುರುಕಿದಳು. ಮನೆ ತಲುಪಲು ಇನ್ನೂ ಅರ್ಧ ಗಂಟೆಯಿತ್ತು.