ಹಿಂದಕ್ಕೆ ಓಡಿದ ಗೂಡ್ಸ್ ರೈಲು

ಕುಂಬಾರಕೊಪ್ಪಲಿನಿಂದ ಮೇಟಗಳ್ಳಿಗೆ ಬರುವ ದಾರಿಯಲ್ಲಿ, ಆಲದ ಮರದಡಿ, ಆಗ ಒಂದು ಹಾಳುಬಾವಿಯಿತ್ತು. ಐವತ್ತಾರರ ಬೇಸಿಗೆಯ ಒಂದು ರಾತ್ರಿ ನಮ್ಮ ನೆರೆಮನೆಯ ಪುಟ್ಟಸ್ವಾಮಿ ಅದರ ಬಳಿ ಒಬ್ಬನೇ ಬರುತ್ತಿದ್ದ. ಬೆನ್ನ ಹಿಂದೆ ಸದ್ದಾಯಿತು. ಠಣ್... ಆಮೇಲೆ ಕಬ್ಬಿಣದ ಸರಪಳಿ ಕಲ್ಲಿಗೆ ಉಜ್ಜಿದಂತೆ, ಝರ್... ಝರ್...

ಅವನು ತಿರುಗಲಿಲ್ಲ. ಆ ಸದ್ದು ಯಾರದೆಂದು ಅವನಿಗೆ ಗೊತ್ತಿತ್ತು.

ಊರೂರಿಗೆ ಹೋಗಿ ಪರದೆ ಕಟ್ಟಿ ಸಾಕ್ಷ್ಯಚಿತ್ರ ತೋರಿಸುವುದು ಅವನ ಕೆಲಸ. ಆ ಸಂಜೆ ಕುಂಬಾರಕೊಪ್ಪಲಿನಲ್ಲಿ ಹಾಕಿದ್ದು, ರೈಲಿನಲ್ಲಿ ಸರಕು ಸಾಗಿಸುವ ಬಗೆಯನ್ನು ವಿವರಿಸುವ ಹಳೆಯ ಚಿತ್ರ. ಮೂಟೆ, ವ್ಯಾಗನ್ನು, ಮತ್ತೆ ಮೂಟೆ. ಜನ ಆಕಳಿಸಿದರು, ಆಮೇಲೆ ಬೈಯತೊಡಗಿದರು. ಅಂಥ ಹೊತ್ತಿಗೆಂದೇ ಅವನಲ್ಲೊಂದು ಉಪಾಯವಿತ್ತು: ಚಿತ್ರ ತೋರಿಸುವ ಯಂತ್ರವನ್ನು ಹಿಂದುಮುಂದಾಗಿ ಓಡಿಸುವುದು. ರೈಲು ಹಿಂದಕ್ಕೆ ಓಡಿತು, ಮೂಟೆಗಳು ಹಮಾಲರ ಬೆನ್ನಿಗೆ ಹಾರಿ ಕೂತವು, ಜನ ನಕ್ಕರು. ಸರಪಳಿಯ ಕೊಂಡಿ ಹಾಕಲು ವ್ಯಾಗನ್ನುಗಳ ನಡುವೆ ನುಗ್ಗಿದ್ದ ಆಳೊಬ್ಬ ಬೆನ್ನು ಮುಂದಾಗಿ ಈಚೆಗೆ ನಡೆದುಬಂದ.

ಹೆಂಗಸರ ಸಾಲಿನಿಂದ ಕೆಂಚಮ್ಮ ಎದ್ದು ಯಂತ್ರದ ಬಳಿಗೆ ಬಂದಳು. ಆ ಆಳು ಅವಳ ಗಂಡ ಮಹದೇವು. ಚಿತ್ರ ತೆಗೆದ ವರ್ಷವೇ ಅಂಥ ಎರಡು ವ್ಯಾಗನ್ನುಗಳ ನಡುವೆ ಸಿಕ್ಕಿ ಸತ್ತಿದ್ದ.

"ಈಚೆಗೆ ಬಂದವ್ರೆ... ಅಲ್ಲೇ ನಿಲ್ಸಿ ಸಾಮಿ. ಒಳೀಕ್ ಕಳಿಸ್ಬ್ಯಾಡಿ."

ನಿಲ್ಲಿಸಿದರೆ ದೀಪದ ಕಾವಿಗೆ ಫಿಲಂ ಸುಟ್ಟುಹೋಗುತ್ತದೆ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಜನ ಇನ್ನೂ ನಗುತ್ತಿದ್ದರು. ಪುಟ್ಟಸ್ವಾಮಿ ಮಹದೇವುವನ್ನು ಒಳಗೆ ಕಳಿಸಿದ, ಈಚೆಗೆಳೆದ, ಮತ್ತೆ ಒಳಗೆ ಕಳಿಸಿದ. ನಗೆ ತಾನಾಗಿ ಅಡಗಿತು. ಆಗ ಕೆಂಚಮ್ಮ ಹೇಳಿದಳು:

"ಕರ್ದೋನು ನೀನು. ಮನೆಗೂ ನೀನೇ ಕರ್ಕಂಡೋಗು."

ಬಾವಿಯ ಬಳಿ ಸದ್ದು ನಿಂತಿತು. ಆಗ ಮಾತ್ರ ಅವನು ತಿರುಗಿದ. ಬೆಳದಿಂಗಳಲ್ಲಿ ಒಂದು ಬೆನ್ನು. ಮುಖ ಆ ಕಡೆಗೆ... ಆದರೂ ಅದು ಹತ್ತಿರವಾಗುತ್ತಲೇ ಇತ್ತು.

"ಯಾರದು?"

"ನಡಿ... ಮನೆ ತೋರ್ಸು."

ಓಡಿಬಂದು ಬಾಗಿಲಿಗೆ ಅಗಳಿ ಜಡಿದ. ಹೆಂಡತಿ ವಸಂತಮ್ಮನಿಗೆ ಏನೂ ಹೇಳದೆ ಚಾಪೆಯ ಮೇಲೆ ಮುಸುಕೆಳೆದು ಬಿದ್ದುಕೊಂಡ.

ಬೆಳಿಗ್ಗೆ ಎದ್ದ ವಸಂತಮ್ಮನಿಗೆ ನೆಲದುದ್ದಕ್ಕೂ ಗ್ರೀಸಿನ ಹೆಜ್ಜೆಗಳು ಕಂಡವು.

"ಯಾವನೋ ನುಗ್ಗಿದ್ದ ಕಣ್ರೀ. ಸದ್ಯ, ಒಂಟೋಗ್ಬುಟ್ಟವ್ನೆ. ಹೆಜ್ಜೆ ಎಲ್ಲಾ ಬಾಗ್ಲ ಕಡೀಕೇ ಅವೆ."

ಹಾಗೆನ್ನುತ್ತಲೇ ಬಾಗಿಲು ತೆಗೆಯಹೋದವಳ ಕೈ ಅಲ್ಲೇ ನಿಂತಿತು. ಅಗಳಿ ಹಾಕಿದ್ದು ಹಾಕಿದಂತೆಯೇ ಇತ್ತು.

ಪುಟ್ಟಸ್ವಾಮಿ ಬಾಗಿಲ ಕಡೆ ನೋಡಲೇ ಇಲ್ಲ. ಬೆನ್ನು ಮುಂದಾಗಿ ನಡೆದು ಬರುವವನ ಹೆಜ್ಜೆ ಯಾವ ಕಡೆಗೆ ಮೂಡುತ್ತದೆಂದು ಅವನು ಬಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕೇರಿಯವರೆಲ್ಲ ಹೋಗಿ ಕಣ್ಣಾರೆ ಕಂಡಿದ್ದೇವೆ. ಹೆಜ್ಜೆಗಳು ಶುರುವಾಗಿದ್ದದ್ದು ಅವನ ಚಾಪೆಯ ಪಕ್ಕದಲ್ಲಿ, ತಲೆಯ ಕಡೆ.